ಎಥನಾಲ್‌ಗೂ ಡಿಎಂಇಗೂ ಫಾರ್ಮುಲಾ ಒಂದೇ, ಆದ್ರೆ ಈಥರ್ ಮಾತ್ರ ಯಾಕೆ ಅಷ್ಟು ಬೇಗ ಹೊತ್ಕೊಳ್ಳುತ್ತೆ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದ್ತಿದೀನಿ. ಎಥನಾಲ್‌ಗೆ ಡೈಈಥೈಲ್ ಈಥರ್ ಬೆರೆಸಿ ಡೀಸೆಲ್ ಎಂಜಿನ್‌ನಲ್ಲಿ ಓಡಿಸೋ ಪ್ರಾಜೆಕ್ಟ್ ತಗೊಂಡಿದೀನಿ, ನನಗೆ ಮೂರು ಡೌಟ್ ಇದೆ. ಎಥನಾಲ್ ಮತ್ತು ಡೈಮೀಥೈಲ್ ಈಥರ್ (ಡಿಎಂಇ) ಎರಡರಲ್ಲೂ ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್ ಇರೋದು, ಹಾಗಿದ್ರೂ ಒಂದು ಡೀಸೆಲ್ ಎಂಜಿನ್‌ನಲ್ಲಿ ಹೊತ್ಕೊಳ್ಳೋದೇ ಇಲ್ಲ, ಇನ್ನೊಂದು ಡೀಸೆಲ್‌ಗಿಂತ ಬೇಗ ಹೊತ್ಕೊಳ್ಳುತ್ತೆ, ಯಾಕೆ? ಎರಡನೇದು, ಈಥರ್ ಬಗ್ಗೆ ಓದಿದ ಪೇಪರ್‌ಗಳಲ್ಲಿ ಟೆಂಪರೇಚರ್ ಏರಿಸ್ತಾ ಹೋದ್ರೆ ರಿಯಾಕ್ಷನ್ ನಡುವೆ ಕಮ್ಮಿ ಆಗೋ ಗ್ರಾಫ್ ಇರುತ್ತೆ, ಅದು ಅರ್ಥ ಆಗ್ಲಿಲ್ಲ. ಮೂರನೇದು, ನಮ್ಮ ಲ್ಯಾಬ್‌ನಲ್ಲಿ ಯಾವಾಗ್ಲೋ ಓಪನ್ ಮಾಡಿದ ಈಥರ್ ಬಾಟ್ಲಿ ಒಂದಿದೆ, ಡೇಟ್ ಬರೆದಿಲ್ಲ, ಮುಚ್ಚಳದ ಸುತ್ತ ಬೆಳ್ಳಗೆ ಏನೋ ಕಟ್ಟಿದೆ. ಅದನ್ನ ಉಪಯೋಗಿಸ್ಬಹುದಾ?

ಉತ್ತರ: ಮೂರನೇ ಪ್ರಶ್ನೆಗೆ ಮೊದ್ಲು ಉತ್ತರ ಕೊಡ್ತೀನಿ, ಯಾಕಂದ್ರೆ ಅದು ಕಾಯೋ ವಿಷಯ ಅಲ್ಲ. ಆ ಬಾಟ್ಲಿ ಮುಟ್ಬೇಡಿ. ಮುಚ್ಚಳ ತಿರುಗಿಸೋದು, ಅಲ್ಲಾಡಿಸಿ ನೋಡೋದು, ಎತ್ತಿ ಬೇರೆ ಕಡೆ ಇಡೋದು ಯಾವ್ದೂ ಬೇಡ. ಇವತ್ತೇ ಲ್ಯಾಬ್ ಇನ್‌ಚಾರ್ಜ್‌ಗೆ, ಸೇಫ್ಟಿ ನೋಡ್ಕೊಳ್ಳೋರಿಗೆ ಹೇಳಿ, ಅಲ್ಲೀವರೆಗೂ ಅದರ ಹತ್ರ ಯಾರೂ ಕೆಲಸ ಮಾಡದ ಹಾಗೆ ನೋಡ್ಕೊಳ್ಳಿ. ಮುಚ್ಚಳದ ಥ್ರೆಡ್‌ನಲ್ಲಿ ಕಟ್ಟಿರೋ ಆ ಬಿಳಿ ಪದಾರ್ಥ ಪೆರಾಕ್ಸೈಡ್ ಆಗಿರೋ ಸಾಧ್ಯತೆ ಇದೆ, ಮತ್ತು ಮುಚ್ಚಳ ತಿರುಗಿಸುವಾಗ ಆಗೋ ಉಜ್ಜಾಟವೇ ಅದನ್ನ ಸಿಡಿಸೋಕೆ ಸಾಕಾಗ್ಬಹುದು. ಅದು ಹೇಗೆ ಹುಟ್ಟುತ್ತೆ ಅಂತ ಕೆಳಗೆ ಬರೀತೀನಿ, ಯಾಕಂದ್ರೆ ನಿಮ್ಮ ಮೊದಲ ಎರಡು ಪ್ರಶ್ನೆಗೆ ಉತ್ತರ ಆಗಿರೋ ಕೆಮಿಸ್ಟ್ರಿನೇ ಆ ಬಾಟ್ಲಿ ಒಳಗೂ ನಡೀತಿರೋದು, ಟೆಂಪರೇಚರ್ ಮಾತ್ರ ಬೇರೆ.

ಈಗ ಮೊದಲನೇ ಪ್ರಶ್ನೆ. ಸಾಮಾನ್ಯವಾಗಿ ಸಿಗೋ ವಿವರಣೆ ಏನಂದ್ರೆ, ಈಥರ್‌ನಲ್ಲಿ ಆಕ್ಸಿಜನ್ ಪಕ್ಕದ ಕಾರ್ಬನ್‌ಗೆ ಅಂಟಿರೋ ಹೈಡ್ರೋಜನ್‌ನ ಬಾಂಡ್ ವೀಕು, ಅದನ್ನ ಕೀಳೋದು ಸುಲಭ, ಹಾಗಾಗಿ ಬೇಗ ಹೊತ್ಕೊಳ್ಳುತ್ತೆ ಅಂತ. ಇದು ಸುಳ್ಳಲ್ಲ, ಆದ್ರೆ ಅರ್ಧ ಮಾತ್ರ. ಲೆಕ್ಕ ನೋಡಿ: ಈಥೇನ್‌ನಲ್ಲಿ ಕಾರ್ಬನ್-ಹೈಡ್ರೋಜನ್ ಬಾಂಡ್ ಮುರಿಯೋಕೆ ಸುಮಾರು 423 ಕಿಲೋಜೂಲ್ ಪ್ರತಿ ಮೋಲ್ ಬೇಕು, ಡಿಎಂಇನಲ್ಲಿ ಸುಮಾರು 402 ಸಾಕು. ಇಳೀತು, ಸರಿ. ಆದ್ರೆ ಎಥನಾಲ್‌ನಲ್ಲೂ ಒಎಚ್ ಕೂತಿರೋ ಕಾರ್ಬನ್‌ನ ಹೈಡ್ರೋಜನ್‌ಗೆ ಹೆಚ್ಚುಕಮ್ಮಿ ಅಷ್ಟೇ ಸಾಕು, 400ರ ಆಸುಪಾಸು. ಅಂದ್ರೆ ಮೊದಲ ಹೈಡ್ರೋಜನ್ ಕಿತ್ಕೊಳ್ಳೋ ಹಂತದಲ್ಲಿ ಇವೆರಡಕ್ಕೂ ಅಂಥ ವ್ಯತ್ಯಾಸ ಇಲ್ಲ. ಆದ್ರೂ ಎಥನಾಲ್‌ನ ಸೀಟೇನ್ ನಂಬರ್ (ಡೀಸೆಲ್ ಎಂಜಿನ್‌ನಲ್ಲಿ ಎಷ್ಟು ಬೇಗ ಹೊತ್ಕೊಳ್ಳುತ್ತೆ ಅನ್ನೋದರ ಅಳತೆ) 10ರ ಒಳಗೆ, ಡಿಎಂಇದು 55ಕ್ಕಿಂತ ಮೇಲೆ. ವ್ಯತ್ಯಾಸ ಹುಟ್ಟೋದು ಹೈಡ್ರೋಜನ್ ಹೋದ ಮೇಲೆ ಉಳಿಯೋ ರಾಡಿಕಲ್, ಅಂದ್ರೆ ಜೋಡಿ ಇಲ್ಲದ ಎಲೆಕ್ಟ್ರಾನ್ ಇರೋ ತುಣುಕು, ಗಾಳಿಯಲ್ಲಿರೋ ಆಕ್ಸಿಜನ್ ಜೊತೆ ಏನು ಮಾಡುತ್ತೆ ಅನ್ನೋದರಲ್ಲಿ.

ಎಥನಾಲ್‌ನ ಆ ರಾಡಿಕಲ್‌ಗೆ ಆಕ್ಸಿಜನ್ ಸಿಕ್ಕ ತಕ್ಷಣ ಒಎಚ್‌ನಲ್ಲಿರೋ ಹೈಡ್ರೋಜನ್‌ನ ಅದಕ್ಕೆ ಬಿಟ್ಟುಕೊಟ್ಟು ಅಸಿಟಾಲ್ಡಿಹೈಡ್ ಆಗಿ ಕೂತುಬಿಡುತ್ತೆ, ಆ ಕಡೆ ಎಚ್‌ಒ2 ರಾಡಿಕಲ್ ಹುಟ್ಟುತ್ತೆ. 700, 800 ಕೆಲ್ವಿನ್ ಮಟ್ಟದಲ್ಲಿ ಎಚ್‌ಒ2 ಬಹಳ ಸೋಮಾರಿ ರಾಡಿಕಲ್, ಅದು ಮುಂದೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತೆ, ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸರಿಯಾಗಿ ಒಡೆದು ಕೆಲಸಕ್ಕೆ ಬರೋಕೆ 900ರಿಂದ 1000 ಕೆಲ್ವಿನ್ ಆದ್ರೂ ಬೇಕು. ಹಾಗಾಗಿ ಎಥನಾಲ್ ಒಂದು ಚುರುಕಾದ ಒಎಚ್ ರಾಡಿಕಲ್‌ನ ನುಂಗಿ ಅದರ ಬದಲು ಒಂದು ಸೋಮಾರಿ ರಾಡಿಕಲ್ ಕೊಡೋ ಪದಾರ್ಥ. ರಿಯಾಕ್ಷನ್ ಬೆಳೆಯೋಕೆ ಅಲ್ಲಿ ದಾರಿನೇ ಇಲ್ಲ.

ಡಿಎಂಇನಲ್ಲಿ ಆ ತಪ್ಪಿಸ್ಕೊಳ್ಳೋ ದಾರಿ ಮುಚ್ಚಿದೆ. ಎರಡು ಮೀಥೈಲ್ ಗುಂಪು, ನಡುವೆ ಆಕ್ಸಿಜನ್. ಒಂದು ಕಡೆ ಹೈಡ್ರೋಜನ್ ಹೋದ್ರೆ ಸುಲಭವಾಗಿ ಬಿಟ್ಟುಕೊಡೋಕೆ ಪಕ್ಕದಲ್ಲಿ ಬೇರೆ ಹೈಡ್ರೋಜನ್ ಇಲ್ಲ, ಹಾಗಾಗಿ ಬಂದ ಆಕ್ಸಿಜನ್ ಅಣು ಅಲ್ಲೇ ಅಂಟ್ಕೊಳ್ಳುತ್ತೆ, ಪೆರಾಕ್ಸಿ ರಾಡಿಕಲ್ ಆಗುತ್ತೆ, ಪೇಪರ್‌ಗಳಲ್ಲಿ ನೀವು ನೋಡಿರೋ ಆರ್‌ಒ2 ಇದೇ. ಈಗ ಈ ಅಣುವಿನ ಆಕಾರ ಸ್ವಲ್ಪ ಹತ್ತಿರದಿಂದ ನೋಡಿ, ಪೇಪರ್ ಮೇಲೆ ಬರ್ಕೊಂಡೇ ನೋಡಿ. ಹೊಸದಾಗಿ ಅಂಟಿದ ಎರಡು ಆಕ್ಸಿಜನ್‌ನ ಬಾಲ ಅಂದ್ಕೊಳ್ಳಿ, ಆ ಬಾಲದ ತುದಿಯಲ್ಲಿರೋ ಆಕ್ಸಿಜನ್‌ನಿಂದ ಎಣಿಸ್ತಾ ಬನ್ನಿ: ಆಕ್ಸಿಜನ್, ಆಕ್ಸಿಜನ್, ಕಾರ್ಬನ್, ಈಥರ್‌ನ ಆಕ್ಸಿಜನ್, ಆಚೆ ಕಡೆ ಕಾರ್ಬನ್, ಅದರ ಹೈಡ್ರೋಜನ್. ಸರಿಯಾಗಿ ಆರು. ಬಾಲ ಬಾಗಿ ಆ ಆರನೇ ಹೈಡ್ರೋಜನ್‌ನ ಹಿಡಿದ್ರೆ ಆರು ಪರಮಾಣುಗಳ ಉಂಗುರ ಆಗುತ್ತೆ, ಇಂಥ ಉಂಗುರದಲ್ಲಿ ಸೆಳೆತ ಕಮ್ಮಿ, ಅದಕ್ಕೇ ಹೈಡ್ರೋಜನ್ ಆಚೆಯಿಂದ ಈಚೆಗೆ ದಾಟೋಕೆ ಏರಬೇಕಾದ ಶಕ್ತಿಯ ದಿಬ್ಬನೂ ಕಮ್ಮಿ. ಅದರ ಜೊತೆಗೆ ಆಚೆ ಕಡೆಯ ಆ ಹೈಡ್ರೋಜನ್ ಕೂಡ ಈಥರ್ ಆಕ್ಸಿಜನ್‌ನ ಪಕ್ಕದ್ದೇ, ಅಂದ್ರೆ ವೀಕ್ ಬಾಂಡು. ಉಂಗುರದ ಅನುಕೂಲ, ಬಾಂಡಿನ ಅನುಕೂಲ ಎರಡೂ ಒಂದೇ ಜಾಗದಲ್ಲಿ ಬಂದು ಕೂತಿದೆ. ನನ್ನ ಪ್ರಕಾರ ಈಥರ್‌ಗಳ ಇಡೀ ಲೋ-ಟೆಂಪರೇಚರ್ ಕೆಮಿಸ್ಟ್ರಿಯ ಬೇರು ಇಲ್ಲಿದೆ, ಇದೊಂದು ಮನಸ್ಸಿಗೆ ಕೂತ್ರೆ ಉಳಿದ ನೂರಾರು ರಿಯಾಕ್ಷನ್ ತಾವಾಗೇ ಸಾಲಾಗಿ ನಿಲ್ಲುತ್ವೆ.

ಹೈಡ್ರೋಜನ್ ದಾಟಿದ ಮೇಲೆ ಒಂದು ತುದಿಯಲ್ಲಿ ಒಒಎಚ್, ಇನ್ನೊಂದು ತುದಿಯಲ್ಲಿ ಖಾಲಿ ಕಾರ್ಬನ್. ಇದನ್ನ ಕ್ಯೂಒಒಎಚ್ ಅಂತಾರೆ. ಇದರ ಮುಂದೆ ಎರಡು ದಾರಿ. ಒಂದು, ಇನ್ನೊಂದು ಆಕ್ಸಿಜನ್ ಅಣು ಬಂದು ಆ ಖಾಲಿ ಜಾಗದಲ್ಲಿ ಕೂರೋದು. ಹಾಗಾದ್ರೆ ಮತ್ತೆ ಒಳಗೊಳಗೇ ಹೈಡ್ರೋಜನ್ ದಾಟಿ ಒಂದು ಒಎಚ್ ಹೊರಗೆ ಬರುತ್ತೆ, ಉಳಿಯೋದು ಹೈಡ್ರೋಪೆರಾಕ್ಸಿಮೀಥೈಲ್ ಫಾರ್ಮೇಟ್ ಅನ್ನೋ ಅಣು. ಹೈಡ್ರೋಕಾರ್ಬನ್ ಇಂಧನಗಳಲ್ಲಿ ಇದೇ ಸ್ಥಾನದಲ್ಲಿ ಬರೋದನ್ನ ಕೀಟೋಹೈಡ್ರೋಪೆರಾಕ್ಸೈಡ್ ಅಂತಾರೆ, ಇಲ್ಲೂ ಆ ಹೆಸರೇ ಬಳಸ್ತಾರೆ. ಈ ಅಣುವಿನ ಆಕ್ಸಿಜನ್-ಆಕ್ಸಿಜನ್ ಬಾಂಡ್ ಒಡೆದ್ರೆ ಇನ್ನೊಂದು ಒಎಚ್, ಜೊತೆಗೆ ಒಂದು ಆಕ್ಸಿ ರಾಡಿಕಲ್, ಅದು ಮುಂದೆ ಫಾರ್ಮಿಕ್ ಆಸಿಡ್, ಕಾರ್ಬನ್ ಮಾನಾಕ್ಸೈಡ್ ಇತ್ಯಾದಿ ಕೊಡುತ್ತೆ. ಲೆಕ್ಕ ಹಾಕಿ, ಶುರುವಿನಲ್ಲಿ ಹೈಡ್ರೋಜನ್ ಕೀಳೋಕೆ ಖರ್ಚಾಗಿದ್ದು ಒಂದು ಒಎಚ್, ಕೊನೆಗೆ ಕೈಗೆ ಬಂದಿದ್ದು ಎರಡು ಒಎಚ್ ಮತ್ತು ಮೂರನೇ ರಾಡಿಕಲ್ ಒಂದು. ಒಂದು ಹಾಕಿದ್ರೆ ಮೂರು. ಇದೇ ಚೈನ್ ಬ್ರಾಂಚಿಂಗ್, ಹೊತ್ಕೊಳ್ಳೋದು ಅಂದ್ರೆ ಇದೇ.

ಇನ್ನೊಂದು ದಾರಿಯಲ್ಲಿ ಕ್ಯೂಒಒಎಚ್ ಆಕ್ಸಿಜನ್‌ಗೆ ಕಾಯೋದೇ ಇಲ್ಲ, ತಾನೇ ಮುರಿದು ಎರಡು ಫಾರ್ಮಾಲ್ಡಿಹೈಡ್, ಒಂದು ಒಎಚ್ ಆಗುತ್ತೆ. ಒಂದು ಹಾಕಿದ್ರೆ ಒಂದು. ರಿಯಾಕ್ಷನ್ ಸಾಯಲ್ಲ, ಬೆಳೆಯೋದೂ ಇಲ್ಲ. ಅದಷ್ಟೇ ಅಲ್ಲ, ಹುಟ್ಟಿದ ಫಾರ್ಮಾಲ್ಡಿಹೈಡ್ ಸುಮ್ನೆ ಕೂರಲ್ಲ, ಅದೂ ಒಎಚ್ ತಿನ್ನುತ್ತೆ, ತಿಂದು ಎಚ್‌ಒ2 ಕೊಡುತ್ತೆ, ಅಂದ್ರೆ ಎಥನಾಲ್ ಮಾಡೋ ಕೆಲಸಾನೇ ಇದೂ ಮಾಡುತ್ತೆ, ಈಥರ್ ತನ್ನದೇ ಬ್ರೇಕ್‌ನ ತಾನೇ ತಯಾರು ಮಾಡ್ಕೊಂಡ ಹಾಗೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಈ ಎರಡು ದಾರಿಯ ನಡುವಿನ ಪೈಪೋಟಿಯಲ್ಲೇ ಇದೆ. ಕ್ಯೂಒಒಎಚ್‌ಗೆ ಆಕ್ಸಿಜನ್ ಬಂದು ಸೇರೋದು ಟೆಂಪರೇಚರ್ ಏರಿದ್ರೆ ಹೆಚ್ಚೇನೂ ಚುರುಕಾಗಲ್ಲ, ಅದಕ್ಕೆ ದಿಬ್ಬ ಹತ್ತೋ ಕೆಲಸ ಇಲ್ಲ, ಎಷ್ಟು ಆಕ್ಸಿಜನ್ ಸುತ್ತ ಇದೆ ಅನ್ನೋದೇ ಮುಖ್ಯ. ತಾನೇ ಮುರಿಯೋಕೆ ಮಾತ್ರ ದಿಬ್ಬ ಹತ್ತಬೇಕು, ಹಾಗಾಗಿ ಟೆಂಪರೇಚರ್ ಏರಿದಷ್ಟೂ ಮುರಿಯೋದು ಜೋರಾಗುತ್ತೆ. 550 ಕೆಲ್ವಿನ್‌ನಲ್ಲಿ ಮೊದಲ ದಾರಿಗೆ ಒಳ್ಳೆ ಪಾಲು ಸಿಗುತ್ತೆ, 650 ದಾಟ್ತಾ ದಾಟ್ತಾ ಎರಡನೇ ದಾರಿ ನುಂಗ್ತಾ ಬರುತ್ತೆ, ಇನ್ನೂ ಏರಿಸಿದ್ರೆ ಮೊದಲ ಹೆಜ್ಜೆಯೇ ಹಿಂದಕ್ಕೆ ತಿರುಗುತ್ತೆ, ಅಂದ್ರೆ ಆರ್‌ಒ2ನಿಂದ ಆಕ್ಸಿಜನ್ ಕಳಚ್ಕೊಂಡು ಹೋಗಿಬಿಡುತ್ತೆ. ಅದಕ್ಕೇ ಬಿಸಿ ಏರಿಸಿದ್ರೂ ಇಂಧನ ಕಮ್ಮಿ ಖರ್ಚಾಗೋದು, ಇದನ್ನೇ ಎನ್‌ಟಿಸಿ ಅಂತಾರೆ, ಋಣಾತ್ಮಕ ತಾಪಗುಣಾಂಕ ಅಂತ ಪಠ್ಯದಲ್ಲಿ ಓದಿರ್ತೀರಿ. ಮುಂದೆ 900 ಕೆಲ್ವಿನ್ ಹತ್ರ ಹೈಡ್ರೋಜನ್ ಪೆರಾಕ್ಸೈಡ್ ಒಡೆಯೋಕೆ ಶುರುವಾದಾಗ ಗ್ರಾಫ್ ಮತ್ತೆ ಮೇಲೇರುತ್ತೆ. ಪ್ರೆಶರ್ ಏರಿಸಿದ್ರೆ ಆಕ್ಸಿಜನ್ ಸಾಂದ್ರತೆ ಏರುತ್ತೆ, ಮೊದಲ ದಾರಿಗೆ ಬಲ ಬರುತ್ತೆ, ಹಾಗಾಗಿ ಆ ತಗ್ಗು ಹೆಚ್ಚಿನ ಟೆಂಪರೇಚರ್ ಕಡೆ ಸರಿಯುತ್ತೆ, ಆಳನೂ ಕಮ್ಮಿ ಆಗುತ್ತೆ. 1 ಅಟ್ಮಾಸ್ಫಿಯರ್‌ನಲ್ಲಿ ಅಳೆದ ಗ್ರಾಫ್ ಇಟ್ಕೊಂಡು 40 ಬಾರ್‌ನ ಎಂಜಿನ್ ಬಗ್ಗೆ ಮಾತಾಡೋ ಪ್ರಾಜೆಕ್ಟ್ ರಿಪೋರ್ಟ್‌ಗಳು ಬಹಳ ಇವೆ, ನೀವು ಆ ತಪ್ಪು ಮಾಡ್ಬೇಡಿ.

ಇದೆಲ್ಲ ಕಾಗದದ ಮೇಲಿನ ಊಹೆ ಅಲ್ವಾ ಅಂತ ಕೇಳಿದ್ರೆ, ಬಹಳ ಕಾಲ ಒಂದು ಮಟ್ಟಿಗೆ ಹೌದು. ಹೆನ್ರಿ ಕರನ್, ಫಿಷರ್, ಡ್ರೈಯರ್ 2000ರಲ್ಲಿ ಡಿಎಂಇಯ ಫ್ಲೋ ರಿಯಾಕ್ಟರ್ ಪ್ರಯೋಗ ಮತ್ತು ಮಾಡೆಲ್ ಪ್ರಕಟಿಸಿದಾಗ ಈ ದಾರಿಗಳೆಲ್ಲ ಅದರಲ್ಲಿದ್ವು, ಆದ್ರೆ ಆ ಹೈಡ್ರೋಪೆರಾಕ್ಸಿಮೀಥೈಲ್ ಫಾರ್ಮೇಟ್ ಅನ್ನೋ ಅಣುವನ್ನ ಉರಿಯೋ ಡಿಎಂಇ ಒಳಗೆ ನೇರವಾಗಿ ಗುರುತಿಸಿದ್ದು 2015ರಲ್ಲಿ, ಜೆಟ್-ಸ್ಟರ್ಡ್ ರಿಯಾಕ್ಟರ್‌ನಿಂದ ಗ್ಯಾಸ್ ಎಳೆದು ಬರ್ಕ್ಲಿಯ ಸಿಂಕ್ರೊಟ್ರಾನ್ ಬೆಳಕಿನಲ್ಲಿ ಅಯಾನು ಮಾಡಿ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ನೋಡಿದಾಗ. ಸಾಮಾನ್ಯ ಗ್ಯಾಸ್ ಕ್ರೊಮಾಟೋಗ್ರಾಫ್‌ನಲ್ಲಿ ಇಂಥ ಪೆರಾಕ್ಸೈಡ್ ಬಿಸಿ ಕಾಲಂ ಒಳಗೇ ಒಡೆದು ಹೋಗಿಬಿಡುತ್ತೆ, ನಿಮಗೆ ಕಾಣೋದು ಅದರ ತುಣುಕು ಮಾತ್ರ. ಜೆಟ್-ಸ್ಟರ್ಡ್ ರಿಯಾಕ್ಟರ್ ಅಂದ್ರೆ ಸಾಮಾನ್ಯವಾಗಿ ಕ್ವಾರ್ಟ್ಜ್‌ನ ಸಣ್ಣ ಗೋಳ, ಒಳಗೆ ಸಣ್ಣ ನಾಝಲ್‌ಗಳಿಂದ ಗ್ಯಾಸ್ ನುಗ್ಗಿ ತನ್ನಷ್ಟಕ್ಕೆ ಚೆನ್ನಾಗಿ ಕಲೆಸ್ಕೊಳ್ಳುತ್ತೆ, ಒಂದೆರಡು ಸೆಕೆಂಡ್ ಅಲ್ಲಿದ್ದು ಹೊರಗೆ ಹೋಗುತ್ತೆ. ಇಗ್ನಿಷನ್ ಡಿಲೇ, ಅಂದ್ರೆ ಇಂಧನ ಹೊತ್ಕೊಳ್ಳೋಕೆ ಹಿಡಿಯೋ ಸಮಯ, ಬೇಕಾದ್ರೆ ರ‍್ಯಾಪಿಡ್ ಕಂಪ್ರೆಷನ್ ಮಷಿನ್ ಮತ್ತು ಶಾಕ್ ಟ್ಯೂಬ್. ಒಂದೇ ಮಾಡೆಲ್ ಈ ಮೂರು ಕಡೆಯ ಡೇಟಾಗೂ ಹೊಂದಿದ್ರೆ ಆಗ ನಂಬಬಹುದು.

ಈಗ ನಿಮ್ಮ ಡೈಈಥೈಲ್ ಈಥರ್ (ಡಿಇಇ) ಕಡೆ ಬರೋಣ. ಎಥನಾಲ್‌ನ ಆಸಿಡ್ ಕ್ಯಾಟಲಿಸ್ಟ್ ಮೇಲೆ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ತೆಗೆದ್ರೆ ಎರಡು ಎಥನಾಲ್ ಸೇರಿ ಒಂದು ಡಿಇಇ ಆಗುತ್ತೆ, ಇನ್ನೂ ಬಿಸಿ ಮಾಡಿದ್ರೆ ಎಥಿಲೀನ್ ಕಡೆ ಹೋಗುತ್ತೆ. ಬಯೋಎಥನಾಲ್‌ನಿಂದ ಒಂದೇ ಹೆಜ್ಜೆ ದೂರ ಇರೋದ್ರಿಂದಲೇ ಇದನ್ನ ಬಯೋಫ್ಯೂಯೆಲ್ ಅಂತ ಪರಿಗಣಿಸೋದು. ಸೀಟೇನ್ 125ಕ್ಕಿಂತ ಮೇಲೆ, ಕುದಿಯೋದು 34.6 ಡಿಗ್ರಿಯಲ್ಲಿ, ಗಾಳಿಯಲ್ಲಿ ತಾನಾಗೇ ಹೊತ್ಕೊಳ್ಳೋ ಟೆಂಪರೇಚರ್ 160ರಿಂದ 180 ಡಿಗ್ರಿ, ಎಥನಾಲ್‌ಗೆ ಅದೇ 360 ದಾಟುತ್ತೆ. ಒಂದು ಬಿಸಿ ಹಾಟ್‌ಪ್ಲೇಟ್ ಸಾಕು ಅಂತ ಅರ್ಥ, ಬೆಂಕಿ ಕಿಡಿನೇ ಬೇಡ.

ಡಿಇಇನಲ್ಲಿ ಆಕ್ಸಿಜನ್ ಪಕ್ಕದ ಕಾರ್ಬನ್‌ನಲ್ಲಿ ಹೈಡ್ರೋಜನ್ ಬಾಂಡ್ ಇನ್ನೂ ವೀಕು, ಸುಮಾರು 390 ಕಿಲೋಜೂಲ್. ಉಳಿದ ಕಥೆ ಡಿಎಂಇ ತರಾನೇ: ಆಕ್ಸಿಜನ್ ಸೇರಿ ಪೆರಾಕ್ಸಿ, ಅದೇ ಆರರ ಉಂಗುರ, ಈಥರ್ ಆಕ್ಸಿಜನ್ ದಾಟಿ ಆಚೆ ಕಡೆಯ ವೀಕ್ ಹೈಡ್ರೋಜನ್. ಕ್ಯೂಒಒಎಚ್ ತಾನೇ ಮುರಿದ್ರೆ ಎರಡು ಫಾರ್ಮಾಲ್ಡಿಹೈಡ್ ಬದಲು ಎರಡು ಅಸಿಟಾಲ್ಡಿಹೈಡ್ ಮತ್ತು ಒಂದು ಒಎಚ್. ಇನ್ನೊಂದು ಆಕ್ಸಿಜನ್ ಸೇರಿದ್ರೆ ಅಸಿಟೇಟ್ ಜಾತಿಯ ಹೈಡ್ರೋಪೆರಾಕ್ಸೈಡ್, ಅಲ್ಲಿಂದ ಬ್ರಾಂಚಿಂಗ್, ಜೊತೆಗೆ ಅಸಿಟಿಕ್ ಆಸಿಡ್, ಅಸಿಟಿಕ್ ಅನ್‌ಹೈಡ್ರೈಡ್ ಕೂಡ ಕಾಣಿಸ್ಕೊಳ್ಳುತ್ವೆ. ಆದ್ರೆ ಒಂದು ವಿಶೇಷ ಇದೆ. ಜೆಟ್-ಸ್ಟರ್ಡ್ ರಿಯಾಕ್ಟರ್‌ನಲ್ಲಿ ಇದು 500 ಕೆಲ್ವಿನ್‌ಗಿಂತ ಕೆಳಗೇ ಖರ್ಚಾಗೋಕೆ ಶುರುವಾಗುತ್ತೆ, ಮತ್ತು ಎನ್‌ಟಿಸಿ ತಗ್ಗು ಒಂದಲ್ಲ, ಎರಡು ಕಾಣುತ್ತೆ. ಡೈಬ್ಯುಟೈಲ್ ಈಥರ್‌ನಲ್ಲೂ ಹೀಗೇ, ಫ್ರಾನ್ಸ್‌ನ ಆರ್ಲಿಯಾನ್ಸ್‌ನ ಲ್ಯಾಬ್‌ನವರು ಅದನ್ನ ಚೆನ್ನಾಗಿ ಅಳೆದು ತೋರಿಸಿದಾರೆ. ಮೊದಲನೇ ಉಬ್ಬು ಈಥರ್ ಅಣುವಿನದ್ದೇ ಬ್ರಾಂಚಿಂಗ್‌ನಿಂದ, ಎರಡನೇ ಉಬ್ಬಿನಲ್ಲಿ ಅಷ್ಟೊತ್ತಿಗೆ ಹುಟ್ಟಿರೋ ಆಲ್ಡಿಹೈಡ್ ಮತ್ತು ಅದರ ತುಣುಕು ರಾಡಿಕಲ್‌ಗಳು ಕೈ ಜೋಡಿಸ್ತವೆ ಅನ್ನೋದು ಮಾಡೆಲ್‌ಗಳು ಕೊಡೋ ಚಿತ್ರ. ಒಂದೇ ತಗ್ಗು ಇರೋ ಹಳೇ ಮಾಡೆಲ್‌ನ ಡೌನ್‌ಲೋಡ್ ಮಾಡ್ಕೊಂಡು ಡಿಇಇಗೆ ಓಡಿಸಿದ್ರೆ ಈ ಭಾಗ ಪೂರ್ತಿ ತಪ್ಪಿಹೋಗುತ್ತೆ.

ಈ ನಿಧಾನ ಉರಿ ಕಣ್ಣಿಗೂ ಕಾಣುತ್ತೆ, ಅದೂ ಹೊಸದಲ್ಲ. 1810ರ ದಶಕದಲ್ಲೇ ಹಂಫ್ರಿ ಡೇವಿ ಈಥರ್ ಆವಿ ಮತ್ತು ಗಾಳಿಯ ಮಿಶ್ರಣಕ್ಕೆ ಬಿಸಿ ಪ್ಲಾಟಿನಂ ತಂತಿ ಹಿಡಿದು, ಕತ್ತಲಲ್ಲಿ ಮಾತ್ರ ಕಾಣೋ ಒಂದು ಮಂಕು ಬೆಳಕನ್ನ ಗಮನಿಸಿದ್ದ. ಈಗ ಅದನ್ನ ಕೂಲ್ ಫ್ಲೇಮ್ ಅಂತಾರೆ, ಆ ತಿಳಿ ನೀಲಿ ಬೆಳಕು ಬರೋದು ಉದ್ರೇಕಗೊಂಡ ಫಾರ್ಮಾಲ್ಡಿಹೈಡ್‌ನಿಂದ. ಎಂಜಿನ್‌ನಲ್ಲಿ ಡಿಇಇ ಹಾಕಿದಾಗ ಪ್ರೆಶರ್ ಟ್ರೇಸ್‌ನಲ್ಲಿ ಮುಖ್ಯ ಏರಿಕೆಗೆ ಮುಂಚೆ ಒಂದು ಸಣ್ಣ ಉಬ್ಬು ಬರುತ್ತಲ್ಲ, ಅದು ಇದೇ ಕೂಲ್ ಫ್ಲೇಮ್, ಹೀಟ್ ರಿಲೀಸ್ ಪ್ಲಾಟ್ ಹಾಕಿದ್ರೆ ಇನ್ನೂ ಸ್ಪಷ್ಟ. 1500 ಆರ್‌ಪಿಎಂನಲ್ಲಿ ಒಂದು ಕ್ರಾಂಕ್ ಡಿಗ್ರಿ ಅಂದ್ರೆ 0.11 ಮಿಲಿಸೆಕೆಂಡ್, ಆ ಸಣ್ಣ ಉಬ್ಬು ಕಾಣಬೇಕಂದ್ರೆ ಡೇಟಾ ಅಕ್ವಿಸಿಷನ್ ಅರ್ಧ ಡಿಗ್ರಿಗಾದ್ರೂ ಒಂದು ಪಾಯಿಂಟ್ ತಗೊಳ್ಳೋ ಹಾಗೆ ಇಟ್ಕೊಳ್ಳಿ.

ಎಲ್ಲಾ ಈಥರ್ ಹೀಗೇ ಅಂದ್ಕೊಳ್ಬೇಡಿ. ಎಂಟಿಬಿಇ, ಇಟಿಬಿಇ ಕೂಡ ಈಥರ್‌ಗಳೇ, ಆದ್ರೆ ಪೆಟ್ರೋಲ್‌ಗೆ ಆಕ್ಟೇನ್ ಏರಿಸೋಕೆ ಹಾಕೋವು, ಅಂದ್ರೆ ಹೊತ್ಕೊಳ್ಳೋದನ್ನ ತಡೆಯೋವು. ಅವುಗಳಲ್ಲಿ ಆಕ್ಸಿಜನ್‌ನ ಒಂದು ಪಕ್ಕ ಟರ್ಶರಿ ಬ್ಯುಟೈಲ್ ಗುಂಪು ಕೂತಿರುತ್ತೆ, ಅದರ ಆಕ್ಸಿಜನ್ ಪಕ್ಕದ ಕಾರ್ಬನ್‌ನಲ್ಲಿ ಹೈಡ್ರೋಜನ್ನೇ ಇಲ್ಲ. ಬಾಲ ಬಾಗಿ ಹಿಡಿಯೋಕೆ ಆರನೇ ಜಾಗದಲ್ಲಿ ಏನೂ ಸಿಗಲ್ಲ. ಮೇಲಾಗಿ ಅಣು ಮುರಿದ್ರೆ ಐಸೊಬ್ಯುಟೀನ್ ಬರುತ್ತೆ, ಅದು ಒಎಚ್ ತಿಂದು ಬಹಳ ಸ್ಥಿರವಾದ, ಕೆಲಸಕ್ಕೆ ಬಾರದ ರಾಡಿಕಲ್ ಆಗಿ ಕೂರುತ್ತೆ. ಅದೇ ರೀತಿ ಡೈಮೆಥಾಕ್ಸಿಮೀಥೇನ್, ಅಂದ್ರೆ ಒಎಂಇ-1, ನೋಡೋಕೆ ಡಿಎಂಇಯ ಅಣ್ಣನ ಹಾಗಿದ್ರೂ ಸೀಟೇನ್ ಬರೀ 30ರ ಒಳಗೆ, ಯಾಕಂದ್ರೆ ಎರಡು ಆಕ್ಸಿಜನ್ ನಡುವಿನ ಕಾರ್ಬನ್‌ನಿಂದ ಹೈಡ್ರೋಜನ್ ಹೋದ್ರೆ ಆ ರಾಡಿಕಲ್ ಆಕ್ಸಿಜನ್ ಬರೋ ಮುಂಚೆನೇ ಮೀಥೈಲ್ ಫಾರ್ಮೇಟ್ ಮತ್ತು ಮೀಥೈಲ್ ರಾಡಿಕಲ್ ಆಗಿ ಮುರಿಯೋಕೆ ನೋಡುತ್ತೆ. ಸರಪಳಿ ಉದ್ದ ಆದ ಒಎಂಇ-3ಕ್ಕೆ ಸೀಟೇನ್ 65 ದಾಟುತ್ತೆ. ಡೈಮೀಥೈಲ್‌ಫ್ಯೂರಾನ್‌ನಲ್ಲಿ ಆಕ್ಸಿಜನ್ ಉಂಗುರದೊಳಗೆ ಸಿಕ್ಕಾಕೊಂಡಿರುತ್ತೆ, ಉಂಗುರ ಆರೊಮ್ಯಾಟಿಕ್, ಹುಟ್ಟೋ ರಾಡಿಕಲ್ ರೆಸೊನೆನ್ಸ್‌ನಿಂದ ಗಟ್ಟಿ, ಆಕ್ಸಿಜನ್ ಸೇರೋದೇ ಕಷ್ಟ, ಹಾಗಾಗಿ ಅದು ಪೆಟ್ರೋಲ್ ಎಂಜಿನ್‌ಗೆ ಹೊಂದೋ ಇಂಧನ. ಈಥರ್ ಅನ್ನೋ ಹೆಸರು ನೋಡಿ ತೀರ್ಮಾನಕ್ಕೆ ಬರೋದಕ್ಕಿಂತ ಆಕ್ಸಿಜನ್‌ನ ಎರಡೂ ಪಕ್ಕ ಏನಿದೆ ಅಂತ ನೋಡಿ.

ಇನ್ನು ಬಾಟ್ಲಿ ಒಳಗಿನ ಕಥೆ. ಅಲ್ಲಿ 25 ಡಿಗ್ರಿಯಲ್ಲೂ ಅದೇ ವೀಕ್ ಹೈಡ್ರೋಜನ್, ಅದೇ ಪೆರಾಕ್ಸಿ ರಾಡಿಕಲ್. ಬೆಳಕು ಬಿದ್ದೋ, ಲೋಹದ ಕಲ್ಮಶದಿಂದಲೋ ಒಂದು ರಾಡಿಕಲ್ ಹುಟ್ಟಿದ್ರೆ ಅದಕ್ಕೆ ಆಕ್ಸಿಜನ್ ಅಂಟುತ್ತೆ, ಆದ್ರೆ ತಣ್ಣಗಿರೋದ್ರಿಂದ ಒಳಗೊಳಗೇ ಹೈಡ್ರೋಜನ್ ದಾಟಿಸ್ಕೊಳ್ಳೋ ಬದಲು ಪಕ್ಕದ ಇನ್ನೊಂದು ಈಥರ್ ಅಣುವಿನ ಹೈಡ್ರೋಜನ್‌ಗೆ ಕೈ ಹಾಕುತ್ತೆ, ಹಾಕಿ ಹೈಡ್ರೋಪೆರಾಕ್ಸೈಡ್ ಆಗುತ್ತೆ, ಪಕ್ಕದ್ದು ಹೊಸ ರಾಡಿಕಲ್ ಆಗುತ್ತೆ, ಹೀಗೇ ತಿಂಗಳುಗಟ್ಟಲೆ. ಹುಟ್ಟಿದ ಪೆರಾಕ್ಸೈಡ್ ಒಡೆಯೋದಿಲ್ಲ, ಶೇಖರ ಆಗ್ತಾ ಹೋಗುತ್ತೆ. ಯಾಕೆ ಅಂತ ಒಂದು ಅಂದಾಜು ಲೆಕ್ಕ ಹಾಕಿ ನೋಡಿ: ಆಕ್ಸಿಜನ್-ಆಕ್ಸಿಜನ್ ಬಾಂಡ್ ಒಡೆಯೋಕೆ 180 ಕಿಲೋಜೂಲ್ ತಗೊಳ್ಳಿ, ಅರ್ಹೀನಿಯಸ್ ಸೂತ್ರದ ಪ್ರೀ-ಎಕ್ಸ್‌ಪೊನೆನ್ಷಿಯಲ್ ಫ್ಯಾಕ್ಟರ್ ಸೆಕೆಂಡಿಗೆ 10ರ ಘಾತ 16 ತಗೊಳ್ಳಿ. 700 ಕೆಲ್ವಿನ್‌ನಲ್ಲಿ ಆ ಅಣುವಿನ ಆಯಸ್ಸು ಕೆಲವೇ ಮಿಲಿಸೆಕೆಂಡ್, 600ರಲ್ಲಿ ಅರ್ಧ ಸೆಕೆಂಡಿನ ಆಸುಪಾಸು, ರೂಮ್ ಟೆಂಪರೇಚರ್‌ನಲ್ಲಿ ಬರೀ ಈ ದಾರಿ ನಂಬ್ಕೊಂಡ್ರೆ ಕೋಟಿಗಟ್ಟಲೆ ವರ್ಷ. ಸಿಲಿಂಡರ್‌ನಲ್ಲಿ ಹುಟ್ಟಿದ ತಕ್ಷಣ ಖರ್ಚಾಗಿ ಎಂಜಿನ್‌ಗೆ ಕೆಲಸ ಮಾಡಿಕೊಡೋ ಪದಾರ್ಥ, ಬಾಟ್ಲಿಯಲ್ಲಿ ಖರ್ಚಾಗದೆ ಕೂತಿರುತ್ತೆ. ಈಥರ್ ಆವಿಯಾಗಿ ಹೋಗ್ತಾ ಇದ್ರೆ ಅದು ಇನ್ನೂ ದಟ್ಟ ಆಗುತ್ತೆ, ಯಾಕಂದ್ರೆ ಪೆರಾಕ್ಸೈಡ್ ಅಷ್ಟು ಸುಲಭಕ್ಕೆ ಆವಿ ಆಗಲ್ಲ.

ಹೊಸ ಈಥರ್ ತರಿಸುವಾಗ ಬಿಎಚ್‌ಟಿ ಅನ್ನೋ ಆಂಟಿಆಕ್ಸಿಡೆಂಟ್ ಹಾಕಿರೋದನ್ನ ತರಿಸಿ, ಅದು ಪೆರಾಕ್ಸಿ ರಾಡಿಕಲ್‌ಗೆ ತನ್ನ ಹೈಡ್ರೋಜನ್ ಕೊಟ್ಟು ಸರಪಳಿ ಕಡಿಯುತ್ತೆ. ಅದರಿಂದ ಸೀಟೇನ್ ಇಳಿಯುತ್ತಾ ಅನ್ನೋ ಭಯ ಬೇಡ, ಕೆಲವು ಪಿಪಿಎಂ ಅಷ್ಟೇ ಇರೋದು. ಬಂದ ದಿನ, ಓಪನ್ ಮಾಡಿದ ದಿನ ಎರಡನ್ನೂ ಲೇಬಲ್ ಮೇಲೆ ಬರೀರಿ, ಕತ್ತಲಲ್ಲಿ ಇಡಿ, ಬೇಕಾದಷ್ಟೇ ಸಣ್ಣ ಬಾಟ್ಲಿ ತಗೊಳ್ಳಿ, ಪ್ರತಿ ಸಲ ಬಳಸೋ ಮುಂಚೆ ಪೆರಾಕ್ಸೈಡ್ ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿ. ಡಿಸ್ಟಿಲ್ ಮಾಡೋದಾದ್ರೆ ಫ್ಲಾಸ್ಕ್ ತಳ ಒಣಗೋವರೆಗೂ ಯಾವತ್ತೂ ಬಿಡ್ಬೇಡಿ. ಇದರಲ್ಲಿ ಸುರಕ್ಷತೆ ಜೊತೆ ಡೇಟಾ ವಿಷಯನೂ ಇದೆ, ಪೆರಾಕ್ಸೈಡ್ ಇರೋ ಈಥರ್ ಅಂದ್ರೆ ಮೊದಲೇ ಸೀಟೇನ್ ಇಂಪ್ರೂವರ್ ಬೆರೆಸಿದ ಹಾಗೆ, ಡೈ-ಟರ್ಟ್-ಬ್ಯುಟೈಲ್ ಪೆರಾಕ್ಸೈಡ್‌ನ ಅದೇ ಕೆಲಸಕ್ಕೆ ಬಳಸ್ತಾರೆ. ಹಳೇ ಈಥರ್‌ನಲ್ಲಿ ಅಳೆದ ಇಗ್ನಿಷನ್ ಡಿಲೇ ನಿಜಕ್ಕಿಂತ ಕಮ್ಮಿ ಬರೋ ಸಾಧ್ಯತೆ ಇದೆ, ಆಮೇಲೆ ಮಾಡೆಲ್ ಜೊತೆ ಹೊಂದ್ತಿಲ್ಲ ಅಂತ ತಲೆ ಕೆಡಿಸ್ಕೊಳ್ಬೇಕಾಗುತ್ತೆ.

ಕೊನೇದಾಗಿ ನಿಮ್ಮ ಬ್ಲೆಂಡ್. ಎಥನಾಲ್‌ಗೆ ಅರ್ಧದಷ್ಟು ಡಿಇಇ ಹಾಕಿದ್ರೆ ಸೀಟೇನ್ ಎರಡರ ಸರಾಸರಿ ಆಗುತ್ತೆ ಅಂತ ಲೆಕ್ಕ ಹಾಕ್ಬೇಡಿ. ಡಿಇಇ ಹುಟ್ಟಿಸೋ ಒಎಚ್‌ನ ಎಥನಾಲ್ ಪಕ್ಕದಲ್ಲೇ ನಿಂತು ನುಂಗ್ತಾ ಇರುತ್ತೆ, ನುಂಗಿ ಎಚ್‌ಒ2 ಮಾಡ್ತಾ ಇರುತ್ತೆ, ಹಾಗಾಗಿ ಒಂದು ಹಂತದವರೆಗೂ ಈಥರ್ ಹಾಕಿದ್ದೇ ಗೊತ್ತಾಗಲ್ಲ ಅನ್ನೋ ಹಾಗಿದ್ದು ಆಮೇಲೆ ಬೇಗ ಬದಲಾಗ್ಬಹುದು. ಅದರ ಮೇಲೆ ಎಥನಾಲ್ ಆವಿಯಾಗುವಾಗ ಎಳ್ಕೊಳ್ಳೋ ಶಾಖ ಕೆಜಿಗೆ ಸುಮಾರು 850ರಿಂದ 900 ಕಿಲೋಜೂಲ್, ಡಿಇಇಗೆ 360ರ ಆಸುಪಾಸು, ಅಂದ್ರೆ ಎಥನಾಲ್ ಜಾಸ್ತಿ ಇದ್ದಷ್ಟೂ ಸಿಲಿಂಡರ್ ತಣ್ಣಗಾಗುತ್ತೆ, ಇಗ್ನಿಷನ್ ಡಿಲೇ ಬೆಳೆದಿದ್ದು ಕೆಮಿಸ್ಟ್ರಿಯಿಂದಲೋ ತಂಪಿನಿಂದಲೋ ಅಂತ ಎಂಜಿನ್ ಡೇಟಾ ಒಂದರಿಂದಲೇ ಬೇರ್ಪಡಿಸೋಕೆ ಆಗಲ್ಲ. ಅದಕ್ಕೆ ಎಂಜಿನ್ ಟೆಸ್ಟ್ ಜೊತೆ ಒಂದು ಕಾನ್‌ಸ್ಟಂಟ್ ವಾಲ್ಯೂಮ್ ಸಿಮ್ಯುಲೇಷನ್ ಮಾಡಿ, ಎಥನಾಲ್ ಮತ್ತು ಡಿಇಇ ಎರಡರ ಲೋ-ಟೆಂಪರೇಚರ್ ರಿಯಾಕ್ಷನ್ ಇರೋ ಮಾಡೆಲ್ ತಗೊಂಡು 40 ಬಾರ್‌ನಲ್ಲಿ 650ರಿಂದ 950 ಕೆಲ್ವಿನ್‌ವರೆಗೂ 25 ಕೆಲ್ವಿನ್ ಅಂತರದಲ್ಲಿ ಓಡಿಸಿ. ಡಿಇಇ ಪ್ರಮಾಣವನ್ನ 10ರ ಹೆಜ್ಜೆಯಲ್ಲಿ ಏರಿಸ್ತಾ ಹೋಗಿ, ಪ್ರತಿ ಸಲ ಒಎಚ್ ಎಲ್ಲಿ ಹುಟ್ತಿದೆ, ಅದರಲ್ಲಿ ಎಷ್ಟು ಪಾಲು ಎಥನಾಲ್ ತಿಂತಿದೆ ಅನ್ನೋ ಎರಡು ನಂಬರ್ ಮಾತ್ರ ಬರ್ಕೊಳ್ಳಿ, ಕೆಮಿಸ್ಟ್ರಿ ಪಾಲು ಎಷ್ಟು ಅಂತ ಅದರಲ್ಲೇ ಗೊತ್ತಾಗುತ್ತೆ. ಎಂಜಿನ್‌ನಲ್ಲಿ ಶುರು ಮಾಡುವಾಗ ಈಥರ್ ಪ್ರಮಾಣ ಕಮ್ಮಿಯಿಂದ ಮೇಲಕ್ಕೆ ಹೋಗಿ, ಪ್ರೆಶರ್ ಏರೋ ವೇಗದ ಮೇಲೆ ಕಣ್ಣಿಟ್ಟಿರಿ, ಮತ್ತು ಫ್ಯೂಯೆಲ್ ಲೈನ್ ಇಂಜೆಕ್ಷನ್ ಪಂಪ್‌ವರೆಗೂ ಪ್ರೆಶರ್‌ನಲ್ಲಿ ಇರಲಿ, 34.6 ಡಿಗ್ರಿಗೆ ಕುದಿಯೋ ಪದಾರ್ಥ ಅದು, ಬಿಸಿ ಎಂಜಿನ್ ಪಕ್ಕದಲ್ಲಿ ಲೈನ್ ಒಳಗೇ ಆವಿ ಕಟ್ಕೊಂಡ್ರೆ ನೀವು ಅಳೆಯೋ ಯಾವ ನಂಬರ್‌ಗೂ ಅರ್ಥ ಇರಲ್ಲ.